‘ಎಲ್ಲಾ ಧರ್ಮ ಒಂದೇ’ ಪಟ್ಟಿಯಲ್ಲಿ ಬುದ್ಧನಿಗೆ ಯಾವ ಖಾನೆ?

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನಡೆದ ವಾದ ಇದು. ಮಧ್ಯೆ ಬಂದ ಹೂವಿನ ಚಿತ್ರ, ಕೈಮುಗಿದ ಇಮೋಜಿಗಳನ್ನೆಲ್ಲ ತೆಗೆದಿದ್ದೇನೆ. ಹೆಸರಿನ ಬದಲು ನಾನು ಕರೆಯುವ ಸಂಬಂಧ ಹಾಕಿದ್ದೇನೆ. ಆವರಣದೊಳಗಿನ ಮಾತು ನನ್ನದು.

ಶುರುವಾಗಿದ್ದು ದೊಡ್ಡಪ್ಪ ಫಾರ್ವರ್ಡ್ ಮಾಡಿದ ಒಂದು ಚಿತ್ರದಿಂದ. ಮೇಲೆ ‘ದೇವನೊಬ್ಬ ನಾಮ ಹಲವು’ ಎಂದು ದಪ್ಪಕ್ಷರ. ಕೆಳಗೆ ಒಂದು ಪಟ್ಟಿ. ಪ್ರತಿ ಧರ್ಮಕ್ಕೂ ಒಂದು ಸಾಲು, ನಾಲ್ಕು ಖಾನೆ. ಬೌದ್ಧ ಧರ್ಮದ ಸಾಲಿನಲ್ಲಿ ಹೀಗಿತ್ತು: ದೇವರು – ಗೌತಮ ಬುದ್ಧ. ಗ್ರಂಥ – ತ್ರಿಪಿಟಕ. ಸತ್ತ ಮೇಲೆ – ನಿರ್ವಾಣ. ಸಾರ – ಅಹಿಂಸೆ.

ದೊಡ್ಡಪ್ಪ: ಎಲ್ಲರೂ ಓದಿ, ಮಕ್ಕಳಿಗೂ ತೋರಿಸಿ. ಧರ್ಮದ ಹೆಸರಲ್ಲಿ ಜಗಳವಾಡುವವರಿಗೆ ಇದೊಂದು ಸಾಕು.

ಅತ್ತೆ: ತುಂಬಾ ಚೆನ್ನಾಗಿದೆ ಅಣ್ಣ.

ಅಕ್ಕ: ದೊಡ್ಡಪ್ಪ, ಉದ್ದೇಶ ಒಳ್ಳೆಯದೇ. ಆದರೆ ಬೌದ್ಧರ ಸಾಲಿನಲ್ಲಿ ಎರಡು ಖಾನೆ ತಪ್ಪು. ಬುದ್ಧ ತಾನು ದೇವರು ಅಂತ ಎಲ್ಲೂ ಹೇಳಿಲ್ಲ. ನಿರ್ವಾಣ ಸತ್ತ ಮೇಲೆ ಸಿಗುವ ಜಾಗವೂ ಅಲ್ಲ. ಅವನಿಗೆ ಬೋಧಿ ಮರದ ಕೆಳಗೆ ಜ್ಞಾನವಾದದ್ದು 35ನೇ ವಯಸ್ಸಿನಲ್ಲಿ. ಆಮೇಲೆ 45 ವರ್ಷ ಊರೂರು ತಿರುಗಿ ಬೋಧಿಸಿ, 80ರಲ್ಲಿ ತೀರಿಕೊಂಡ. ಆಸೆ, ದ್ವೇಷ, ಮೋಹ ಆರಿಹೋಗುವುದೇ ನಿರ್ವಾಣ. ಅದು ಬದುಕಿದ್ದಾಗಲೇ ಆಗಬೇಕು.

ಚಿಕ್ಕಪ್ಪ: ಶುರುವಾಯ್ತು.

ದೊಡ್ಡಪ್ಪ: ಜೀವನ್ಮುಕ್ತಿ ಅಂತ ನಮ್ಮಲ್ಲೂ ಇದೆಯಲ್ಲಮ್ಮಾ. ಅದೂ ಬದುಕಿದ್ದಾಗಲೇ. ಹೆಸರು ಬೇರೆ, ವಿಷಯ ಒಂದೇ. ಚಿತ್ರ ಹೇಳುತ್ತಿರುವುದೂ ಅದನ್ನೇ ಅಲ್ವಾ?

ಅಕ್ಕ: ಒಂದೇ ಆಗಿದ್ದರೆ ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದ ಎರಡನೇ ಅಧ್ಯಾಯದಲ್ಲಿ ಬೌದ್ಧರನ್ನು ಅಷ್ಟು ಕಷ್ಟಪಟ್ಟು ಯಾಕೆ ಖಂಡಿಸುತ್ತಿದ್ದರು?

ದೊಡ್ಡಪ್ಪ: ಖಂಡಿಸಿದರು, ಸರಿ. ಆದರೂ ಎದುರಾಳಿಗಳು ಅವರನ್ನೇ ‘ಪ್ರಚ್ಛನ್ನ ಬೌದ್ಧ’, ಅಂದರೆ ವೇಷ ಮರೆಸಿದ ಬೌದ್ಧ, ಅಂತ ಹಂಗಿಸಲಿಲ್ಲವೇ? ದೂರದಲ್ಲಿದ್ದವರನ್ನು ಯಾರೂ ಹಾಗೆ ಹಂಗಿಸುವುದಿಲ್ಲ.

(ಈ ಏಟಿಗೆ ಗುಂಪಿನಲ್ಲಿ ಎಂಟು ಹೆಬ್ಬೆರಳು ಬಿದ್ದವು. ದೊಡ್ಡಪ್ಪ ಸುಮ್ನೆ ಫಾರ್ವರ್ಡ್ ಮಾಡುವವರಲ್ಲ, ಓದಿಕೊಂಡವರು. ಅದೇ ತೊಂದರೆ.)

ಭಾವ: ಮಾವ, ನನ್ನ ಪ್ರಕಾರ ಬೌದ್ಧ ಧರ್ಮವನ್ನು ಈ ಪಟ್ಟಿಗೆ ಸೇರಿಸಿದ್ದೇ ತಪ್ಪು. ಅದು ಧರ್ಮವೇ ಅಲ್ಲ, ವಿಜ್ಞಾನ. ಇದನ್ನು ನೋಡಿ.

(ಇನ್ನೊಂದು ಚಿತ್ರ ಬಂತು. ನಗುತ್ತಿರುವ ಬುದ್ಧ, ಹಿಂದೆ ಸೂರ್ಯೋದಯ. ‘ಯಾರು ಹೇಳಿದರೂ, ಎಲ್ಲಿ ಓದಿದರೂ ನಂಬಬೇಡ. ನಿನ್ನ ಬುದ್ಧಿಗೆ ಒಪ್ಪಿದರೆ ಮಾತ್ರ ನಂಬು.’)

ಅಕ್ಕ: ನಮ್ಮ ಮನೆಯವರೇ ಹೀಗೆ ಮಾಡಿದರೆ ನಾನು ಯಾರಿಗೆ ಹೇಳಲಿ. ಇದು ಕಾಲಾಮ ಸುತ್ತವನ್ನು ತಿರುಚಿದ್ದು. ಸುತ್ತ ಅಂದರೆ ಬುದ್ಧನ ಉಪದೇಶ, ಇದು ಕಾಲಾಮರು ಅನ್ನುವ ಜನಕ್ಕೆ ಕೊಟ್ಟದ್ದು. ಮೂಲದಲ್ಲಿ ಹತ್ತು ‘ಬೇಡ’ಗಳಿವೆ. ಕೇಳಿದ ಮಾತು ಅಂತ ಒಪ್ಪಬೇಡಿ, ಪರಂಪರೆ ಅಂತ ಒಪ್ಪಬೇಡಿ, ಗ್ರಂಥದಲ್ಲಿದೆ ಅಂತ ಒಪ್ಪಬೇಡಿ, ಇವರು ನಮ್ಮ ಗುರು ಅಂತ ಒಪ್ಪಬೇಡಿ. ಅದೇ ಪಟ್ಟಿಯಲ್ಲಿ ತರ್ಕಕ್ಕೆ ಸರಿ ಕಂಡಿತು, ನನ್ನ ಅಭಿಪ್ರಾಯಕ್ಕೆ ಹೊಂದಿತು ಅಂತಲೂ ಒಪ್ಪಬೇಡಿ ಅಂತಿದೆ! ಈ ಚಿತ್ರದಲ್ಲಿ ಇರುವುದಕ್ಕೆ ನೇರ ಉಲ್ಟಾ.

ಭಾವ: ಮತ್ತೆ ಯಾವುದನ್ನು ಒಪ್ಪಬೇಕಂತೆ?

ಅಕ್ಕ: ಇದು ಲೋಭ, ದ್ವೇಷ, ಮೋಹದಿಂದ ಹುಟ್ಟಿದ್ದಾ? ಹೀಗೆ ನಡೆದರೆ ಕೇಡಾಗುತ್ತದಾ? ತಿಳಿದವರು ಬೇಡ ಅನ್ನುತ್ತಾರಾ? ಇದನ್ನು ನೀವೇ ಕಂಡುಕೊಂಡಾಗ ಬಿಡಿ, ಒಳ್ಳೆಯದು ಅಂತ ಕಂಡಾಗ ಹಿಡಿಯಿರಿ. ಇದು ನಡತೆಯ ಪರೀಕ್ಷೆ, ಪ್ರಯೋಗಾಲಯದ್ದಲ್ಲ.

ನಾನು: ಭಾವ, ವಿಜ್ಞಾನ ಅಂದರೆ ಇನ್ನೊಂದು ಕಷ್ಟ. ಅದೇ ತ್ರಿಪಿಟಕದಲ್ಲಿ ನರಕಗಳಿವೆ, ಸ್ವರ್ಗಗಳಿವೆ, ಆಸೆ ತೋರಿಸಿ ದಾರಿ ತಪ್ಪಿಸುವ ಮಾರನಿದ್ದಾನೆ, ಬುದ್ಧನ ಹಿಂದಿನ ಜನ್ಮಗಳ ಕಥೆಗಳಿವೆ. ಜಪಾನಿನ ಶಿನ್ರಾನ್ (1173–1263) ಅಂತೂ ಸ್ವಂತ ಶಕ್ತಿಯಿಂದ ಮುಕ್ತಿ ಸಾಧ್ಯವೇ ಇಲ್ಲ, ಅಮಿತಾಭ ಬುದ್ಧನ ಕೃಪೆಯೇ ದಾರಿ ಅಂದವನು. ಆ ಪಂಥ ಇವತ್ತಿಗೂ ಜಪಾನಿನ ದೊಡ್ಡ ಬೌದ್ಧ ಪಂಥಗಳಲ್ಲಿ ಒಂದು. ಅವರ ನಾಮಜಪ ಕೇಳಿದರೆ ದಾಸರ ಭಕ್ತಿಗೂ ಕ್ರೈಸ್ತರ ಕೃಪೆಯ ಮಾತಿಗೂ ಹತ್ತಿರ ಅನಿಸುತ್ತದೆ.

ಭಾವ: ಸರಿ, ನನ್ನ ಚಿತ್ರ ವಾಪಸ್. ಆದರೆ ಮಾವನ ಪಟ್ಟಿಯೂ ಸರಿಯಿಲ್ಲ.

ಚಿಕ್ಕಪ್ಪ: ‘ಸಾರ – ಅಹಿಂಸೆ’ ಅನ್ನೋದನ್ನೂ ತೆಗೆಯಿರಿ ಹಾಗಾದರೆ. 1959ರಲ್ಲಿ ಶ್ರೀಲಂಕಾದ ಪ್ರಧಾನಿ ಬಂಡಾರನಾಯಕೆಗೆ ಗುಂಡು ಹೊಡೆದವನು ಬೌದ್ಧ ಭಿಕ್ಷು.

ದೊಡ್ಡಪ್ಪ: ಅನುಯಾಯಿ ತಪ್ಪು ಮಾಡಿದರೆ ಬೋಧನೆ ಸುಳ್ಳಾಗುತ್ತದೇನೋ?

ಚಿಕ್ಕಪ್ಪ: ಇಲ್ಲ ಅಣ್ಣ. ಈ ರಿಯಾಯಿತಿಯನ್ನು ಪಟ್ಟಿಯಲ್ಲಿರುವ ಎಲ್ಲಾ ಧರ್ಮಗಳಿಗೂ ಕೊಡಬೇಕು, ಅಷ್ಟೇ.

(ಚಿಕ್ಕಪ್ಪನ ಕೊಡುಗೆ ಇಷ್ಟೇ. ಆದರೆ ಇಡೀ ವಾದದಲ್ಲಿ ಯಾರೂ ಇದಕ್ಕೆ ಎದುರು ಹೇಳಲಿಲ್ಲ.)

ದೊಡ್ಡಪ್ಪ: ದೇವರ ಖಾನೆಗೇ ಬರೋಣ. ದೇವರನ್ನು ಒಪ್ಪದ ದರ್ಶನಗಳು ನಮ್ಮಲ್ಲೂ ಇವೆ. ಸಾಂಖ್ಯದಲ್ಲಿ ಸೃಷ್ಟಿಕರ್ತ ಇಲ್ಲ. ಪೂರ್ವ ಮೀಮಾಂಸಕರು ವೇದ ಅಪೌರುಷೇಯ ಅನ್ನುತ್ತಾರೆ, ಅಂದರೆ ದೇವರೂ ಬರೆದದ್ದಲ್ಲ. ಜೈನರಲ್ಲೂ ಸೃಷ್ಟಿಕರ್ತ ಇಲ್ಲ. ಹಾಗಿರುವಾಗ ಬುದ್ಧನೊಬ್ಬನೇ ಬೇರೆ ಅನ್ನುವುದು ಯಾಕೆ?

ಅಕ್ಕ: ಇದು ಒಳ್ಳೆಯ ಪ್ರಶ್ನೆ ದೊಡ್ಡಪ್ಪ. ಅದಕ್ಕೇ ನನಗೆ ದೇವರ ಖಾನೆಗಿಂತ, ಪಟ್ಟಿಯಲ್ಲಿ ಇಲ್ಲದ ಒಂದು ಖಾನೆ ಮುಖ್ಯ. ಆತ್ಮ. ಸಾಂಖ್ಯರಿಗೆ ಪುರುಷ ಅನ್ನುವ ಚೇತನ ಇದೆ, ಜೈನರಿಗೆ ಜೀವ ಇದೆ, ವೇದಾಂತಿಗಳಿಗೆ ಆತ್ಮ ಇದೆ. ಕ್ರೈಸ್ತರು, ಮುಸ್ಲಿಮರಲ್ಲೂ ಕೊನೆಯ ತೀರ್ಪಿಗೆ ನಿಲ್ಲುವವನೊಬ್ಬ ಬೇಕು. ಬುದ್ಧನೊಬ್ಬ ಹುಡುಕಿ ನೋಡಿ, ಸಿಗಲಿಲ್ಲ ಅಂದ. ದೇಹ, ಸುಖದುಃಖದ ಅನುಭವ, ಗುರುತಿಸುವಿಕೆ, ಮನಸ್ಸಿನ ಸಂಸ್ಕಾರಗಳು, ಅರಿವು. ಈ ಐದರಲ್ಲಿ ಯಾವುದನ್ನೂ ‘ಇದು ನಾನು’ ಅನ್ನಲಾಗದು, ಯಾಕೆಂದರೆ ಯಾವುದೂ ನಿಲ್ಲುವುದಿಲ್ಲ, ಯಾವುದೂ ನಮ್ಮ ಮಾತು ಕೇಳುವುದಿಲ್ಲ. ಸಾರನಾಥದಲ್ಲಿ ಅವನ ಎರಡನೇ ಉಪದೇಶವೇ ಇದು.

ಅತ್ತೆ: ನಿಲ್ಲಮ್ಮಾ. ಬುದ್ಧ ಪುನರ್ಜನ್ಮ ಒಪ್ಪುತ್ತಾನೆ ಅಂದಿರಿ. ಹಿಂದಿನ ಜನ್ಮದ ಕಥೆ ಇವೆ ಅಂದಿರಿ. ಆತ್ಮವೇ ಇಲ್ಲ ಅಂದಮೇಲೆ ಹುಟ್ಟಿ ಬರುವವರು ಯಾರು?

(ಅತ್ತೆ ಸಾಮಾನ್ಯವಾಗಿ ‘ಚೆನ್ನಾಗಿದೆ’ ಅಂತ ಹಾಕಿ ಹೋಗುವವರು. ಅವತ್ತಿನ ಅತ್ಯುತ್ತಮ ಪ್ರಶ್ನೆ ಅವರದ್ದು.)

ದೊಡ್ಡಪ್ಪ: ಹೇಳು, ಹೇಳು. ಇಲ್ಲಿ ಸಿಕ್ಕಿಬಿದ್ದೆ.

ಅಕ್ಕ: ಅತ್ತೆ, ಇದೇ ಪ್ರಶ್ನೆಯನ್ನು ಮಿಲಿಂದ ರಾಜ ನಾಗಸೇನ ಭಿಕ್ಷುವಿಗೆ ಕೇಳಿದ. ಮಿಲಿಂದ ಅಂದರೆ ನಮ್ಮ ವಾಯವ್ಯ ಭಾಗವನ್ನು ಆಳಿದ ಗ್ರೀಕ್ ದೊರೆ ಮಿನಾಂಡರ್. ಹುಟ್ಟಿ ಬರುವವನು ಅವನೇನಾ, ಬೇರೆಯವನಾ ಅಂದ. ನಾಗಸೇನ ಹೇಳಿದ್ದು: ಅವನೂ ಅಲ್ಲ, ಬೇರೆಯವನೂ ಅಲ್ಲ.

ಅತ್ತೆ: ಇದು ಜಾರಿಕೊಳ್ಳುವ ಉತ್ತರ.

ಅಕ್ಕ: ರಾಜನಿಗೂ ಸಮಾಧಾನವಾಗಲಿಲ್ಲ. ಹಾಗಾದರೆ ಮಾಡಿದ ಪಾಪದಿಂದ ಬಿಡುಗಡೆ ಸುಲಭ ಆಯಿತಲ್ಲ ಅನ್ನುವ ಮಾತು ಬಂತು. ಆಗ ನಾಗಸೇನ ಒಬ್ಬ ಮಾವಿನ ಹಣ್ಣು ಕದ್ದವನ ಕಥೆ ಹೇಳಿದ. ಮರದ ಒಡೆಯ ಅವನನ್ನು ಹಿಡಿದು ರಾಜನ ಮುಂದೆ ನಿಲ್ಲಿಸುತ್ತಾನೆ. ಕಳ್ಳ ಹೇಳುತ್ತಾನೆ, ‘ಪ್ರಭೂ, ಇವನು ನೆಟ್ಟ ಮಾವು ಬೇರೆ, ನಾನು ಕಿತ್ತ ಮಾವು ಬೇರೆ. ನಾನು ಇವನ ಮಾವು ಕದ್ದೇ ಇಲ್ಲ.’ ಅವನಿಗೆ ಶಿಕ್ಷೆ ಕೊಡುತ್ತೀರಾ ಅಂತ ನಾಗಸೇನ ಕೇಳಿದ. ರಾಜ ಕೊಡುತ್ತೇನೆ ಅಂದ. ಯಾಕೆ? ನೆಟ್ಟದ್ದರಿಂದಲೇ ತಾನೇ ಇದು ಬಂದದ್ದು! ಹಾಗೇ ಕರ್ಮ. ದಾಟಿ ಹೋಗುವ ಒಂದು ವಸ್ತು ಬೇಕಿಲ್ಲ, ಒಂದರಿಂದ ಒಂದು ಬರುವ ಸಾಲು ಇದ್ದರೆ ಸಾಕು.

ಅತ್ತೆ: ಕಳ್ಳನ ಕಥೆ ಚೆನ್ನಾಗಿದೆ. ಪೂರ್ತಿ ಒಪ್ಪಿಗೆ ಆಗಲಿಲ್ಲ. ಅನುಭವಿಸುವುದು ನಾನೇ ಅಲ್ಲ ಅಂದರೆ ನಾನು ಯಾಕೆ ಹೆದರಬೇಕು?

ದೊಡ್ಡಪ್ಪ: ಸರಿಯಾಗಿ ಹೇಳಿದೆ ತಂಗಿ. ನಮ್ಮವರ ಆಕ್ಷೇಪವೂ ಇದೇ. ಮಾಡಿದವನೊಬ್ಬ, ಉಣ್ಣುವವನೊಬ್ಬ ಆದರೆ ನೆನಪು, ನ್ಯಾಯ ಯಾವುದೂ ನಿಲ್ಲುವುದಿಲ್ಲ.

ನಾನು: ಹತ್ತು ವರ್ಷದ ಹಿಂದಿನ ನೀವು ಮಾಡಿದ ಸಾಲವನ್ನು ಇವತ್ತಿನ ನೀವು ತೀರಿಸುತ್ತೀರಲ್ಲ ದೊಡ್ಡಪ್ಪ. ಆ ‘ನೀವು’ ಎಷ್ಟು ಒಂದೇ ಅನ್ನುವುದೇ ಬೌದ್ಧರ ಕೊಂಕು.

ದೊಡ್ಡಪ್ಪ: ಸಾಲದ ಮಾತು ಗುಂಪಿನಲ್ಲಿ ಬೇಡ.

(ಇಲ್ಲಿ ಸ್ವಲ್ಪ ಹೊತ್ತು ಬರೀ ನಗುವಿನ ಇಮೋಜಿ.)

ಭಾವ: ದೇವರ ಖಾನೆ ಹಾಗೇ ಉಳೀತು. ಬುದ್ಧ ನಾಸ್ತಿಕನಾ, ಅಲ್ವಾ? ಒಂದು ಮಾತಲ್ಲಿ ಹೇಳಿ.

ಅಕ್ಕ: ಒಂದು ಮಾತಲ್ಲಿ ಆಗದು. ಕೇವಟ್ಟ ಸುತ್ತದಲ್ಲಿ ಒಂದು ಕಥೆ ಇದೆ, ಕೇಳಿ. ಒಬ್ಬ ಭಿಕ್ಷುವಿಗೆ ಒಂದು ಅನುಮಾನ. ಮಣ್ಣು, ನೀರು, ಬೆಂಕಿ, ಗಾಳಿ ಈ ನಾಲ್ಕೂ ಪೂರ್ತಿ ಇಲ್ಲವಾಗುವುದು ಎಲ್ಲಿ ಅಂತ. ಧ್ಯಾನದ ಬಲದಿಂದ ದೇವಲೋಕಕ್ಕೆ ಹೋಗಿ ಕೇಳುತ್ತಾನೆ. ನಮಗೆ ಗೊತ್ತಿಲ್ಲ, ಮೇಲಿನವರನ್ನು ಕೇಳು ಅನ್ನುತ್ತಾರೆ. ಸರ್ಕಾರಿ ಕಚೇರಿಯಲ್ಲಿ ಟೇಬಲಿನಿಂದ ಟೇಬಲಿಗೆ ಕಳಿಸಿದ ಹಾಗೆ ಲೋಕದಿಂದ ಲೋಕಕ್ಕೆ ಹತ್ತಿ ಕೊನೆಗೆ ಮಹಾಬ್ರಹ್ಮನ ಹತ್ತಿರ ಬರುತ್ತಾನೆ. ಬ್ರಹ್ಮ ಅನ್ನುತ್ತಾನೆ, ‘ನಾನು ಬ್ರಹ್ಮ, ಎಲ್ಲವನ್ನೂ ಕಾಣುವವನು, ಸೃಷ್ಟಿಕರ್ತ, ಆದದ್ದಕ್ಕೂ ಆಗುವುದಕ್ಕೂ ತಂದೆ.’ ಭಿಕ್ಷು, ‘ನಾನು ಅದನ್ನು ಕೇಳಲಿಲ್ಲ’ ಅನ್ನುತ್ತಾನೆ. ಬ್ರಹ್ಮ ಮತ್ತೆ ಅದನ್ನೇ ಹೇಳುತ್ತಾನೆ. ಭಿಕ್ಷು ಮೂರನೇ ಸಲವೂ ಕೇಳಿದಾಗ ಬ್ರಹ್ಮ ಅವನ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋಗಿ, ‘ನನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಅಂತ ಈ ದೇವತೆಗಳೆಲ್ಲ ನಂಬಿದ್ದಾರೆ. ಅದಕ್ಕೇ ಅವರೆದುರು ಹೇಳಲಿಲ್ಲ. ನನಗೂ ಗೊತ್ತಿಲ್ಲ. ಬುದ್ಧನನ್ನು ಬಿಟ್ಟು ಇಲ್ಲಿಗೆ ಬಂದದ್ದೇ ನಿನ್ನ ತಪ್ಪು’ ಅನ್ನುತ್ತಾನೆ.

ಚಿಕ್ಕಪ್ಪ: 😂😂 ನಮ್ಮ ಹಳೇ ಮ್ಯಾನೇಜರ್ ಥರ.

ಅಕ್ಕ: ಹಾಗಾಗಿ ದೇವರುಗಳು ಇದ್ದಾರೆ, ಬೇಕಾದಷ್ಟು ಇದ್ದಾರೆ. ಅವರೂ ಹುಟ್ಟುತ್ತಾರೆ, ಸಾಯುತ್ತಾರೆ, ಅವರಿಗೂ ಗೊತ್ತಿಲ್ಲದ್ದಿದೆ. ಬಿಡುಗಡೆ ಕೊಡುವ ಕೆಲಸ ಅವರದ್ದಲ್ಲ. ಕಥೆಯ ಕೊನೆ ಇನ್ನೂ ಸೊಗಸು. ಭಿಕ್ಷು ವಾಪಸ್ ಬಂದು ಕೇಳಿದರೆ ಬುದ್ಧ ಮೊದಲು ಹೇಳುವುದು, ‘ಪ್ರಶ್ನೆಯನ್ನು ಹಾಗೆ ಕೇಳಬಾರದು’ ಅಂತ. ಪ್ರಶ್ನೆ ತಿದ್ದಿ, ಆಮೇಲೆ ಉತ್ತರ ಕೊಡುತ್ತಾನೆ. ದೊಡ್ಡಪ್ಪ, ನಿಮ್ಮ ಪಟ್ಟಿಯ ಮೇಲೆ ನನ್ನ ತಕರಾರೂ ಇಷ್ಟೇ. ದೇವರು ಯಾರು, ಸತ್ತ ಮೇಲೆ ಎಲ್ಲಿ, ಇವೆಲ್ಲ ಬೇರೆ ಧರ್ಮಗಳ ಪ್ರಶ್ನೆ. ಬುದ್ಧ ಕೇಳಿದ್ದು ದುಃಖ ಯಾಕಿದೆ, ಹೇಗೆ ನಿಲ್ಲುತ್ತದೆ ಅಂತ. ಅವರ ಖಾನೆಯಲ್ಲಿ ಇವನ ಉತ್ತರ ತುಂಬಿಸಿದರೆ ಎಲ್ಲವೂ ಒಂದೇ ಥರ ಕಾಣುತ್ತದೆ.

ಅತ್ತೆ: ದೇವರನ್ನು ಹೀಗೆ ಗೇಲಿ ಮಾಡುವುದು ನನಗೆ ಇಷ್ಟವಾಗಲಿಲ್ಲ. ನಾನು ದಿನಾ ಪೂಜೆ ಮಾಡುವವಳು. ಅದು ಸುಳ್ಳು ಅಂತಾನಾ?

(ಈ ಸಲ ಯಾರೂ ಇಮೋಜಿ ಹಾಕಲಿಲ್ಲ.)

ದೊಡ್ಡಪ್ಪ: ಬುದ್ಧ ವಿಷ್ಣುವಿನ ಅವತಾರ ಅಂತ ನಮ್ಮವರೇ ಒಪ್ಪಿಕೊಂಡಿದ್ದಾರೆ. ಇಷ್ಟು ದೊಡ್ಡ ಮನಸ್ಸು ಆ ಕಡೆಯಿಂದಲೂ ಬರಬೇಕು.

ನಾನು: ಆ ಒಪ್ಪಿಗೆಯಲ್ಲೂ ಎರಡು ಮುಖ ಇವೆ ದೊಡ್ಡಪ್ಪ. ಜಯದೇವ ಕವಿ ಪ್ರಾಣಿಬಲಿ ಕಂಡು ಕರಗಿದವನು ಅಂತ ಬುದ್ಧನನ್ನು ಹಾಡಿ ಹೊಗಳಿದ. ಭಾಗವತ ಪುರಾಣದಲ್ಲಿ ಅವನು ಬಂದದ್ದು ಅಸುರರನ್ನು ಮೋಹಗೊಳಿಸಲಿಕ್ಕೆ. ಒಬ್ಬರ ಗುರುವನ್ನು ಹೀಗೆ ನಮ್ಮ ಮನೆಗೆ ಸೇರಿಸಿಕೊಂಡರೆ ಅವರಿಗೆ ಸಂತೋಷ ಆಗಲೇಬೇಕು ಅಂತಿಲ್ಲ. ಅಂಬೇಡ್ಕರ್ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧರಾದಾಗ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಐದನೆಯದೇ, ಬುದ್ಧ ವಿಷ್ಣುವಿನ ಅವತಾರ ಅಂತ ನಾನು ನಂಬುವುದಿಲ್ಲ ಅನ್ನುವುದು.

ಭಾವ: ಹೀಗೆ ಸೇರಿಸಿಕೊಂಡವರು ನಾವಷ್ಟೇ ಅಲ್ಲ ಬಿಡಿ. ಬುದ್ಧನ ಜೀವನದ ಕಥೆ ಅರಬ್ಬಿ, ಜಾರ್ಜಿಯನ್, ಗ್ರೀಕ್ ಭಾಷೆಗಳನ್ನು ದಾಟಿ ಯುರೋಪಿಗೆ ಹೋಗಿ, ಅಲ್ಲಿ ಅವನು ಜೋಸಫಾತ್ ಅನ್ನುವ ಕ್ರೈಸ್ತ ಸಂತನಾದ. ಅರಮನೆ ಬಿಟ್ಟು ಹೋದ ರಾಜಕುಮಾರನೇ. ನವೆಂಬರ್ 27 ಅವನ ಸ್ಮರಣೆಯ ದಿನವೂ ಆಗಿತ್ತು.

ದೊಡ್ಡಪ್ಪ: ಇದು ನಿಜವಾ?

ಅಕ್ಕ: ನಿಜ. ಈ ಮನುಷ್ಯ ಅಪರೂಪಕ್ಕೆ ಸರಿಯಾದದ್ದು ಹೇಳುತ್ತಾರೆ.

ಅಕ್ಕ: ಅತ್ತೆ, ನಿಮಗೆ ಬೇರೆ ಉತ್ತರ. ಉಪಾಲಿ ಅಂತ ಒಬ್ಬ ಗೃಹಸ್ಥ, ಮಹಾವೀರರ ಶಿಷ್ಯ. ಜೈನರಿಗೂ ಬೌದ್ಧರಿಗೂ ಕರ್ಮದ ಬಗ್ಗೆ ಜಗಳ. ಕೈಯಿಂದ ಮಾಡಿದ್ದು ದೊಡ್ಡದು ಅಂತ ಜೈನರು, ಮನಸ್ಸಿನ ಉದ್ದೇಶ ದೊಡ್ಡದು ಅಂತ ಬುದ್ಧ. ಉಪಾಲಿ ಬುದ್ಧನನ್ನು ಸೋಲಿಸುತ್ತೇನೆ ಅಂತ ಬಂದು, ವಾದ ಮಾಡಿ, ಕೊನೆಗೆ ನಾನು ನಿಮ್ಮ ಶಿಷ್ಯನಾಗುತ್ತೇನೆ ಅಂದ. ಬುದ್ಧ ಕುಣಿದಾಡಲಿಲ್ಲ. ‘ಚೆನ್ನಾಗಿ ಯೋಚಿಸು, ನಿನ್ನಂಥ ಹೆಸರುವಾಸಿ ಮನುಷ್ಯ ಯೋಚಿಸಿಯೇ ಮುಂದೆ ಹೋಗಬೇಕು’ ಅಂದ. ಆಮೇಲೂ, ‘ನಿನ್ನ ಮನೆ ಬಹಳ ಕಾಲದಿಂದ ಜೈನ ಮುನಿಗಳಿಗೆ ಆಸರೆ. ಅವರು ಬಂದರೆ ಭಿಕ್ಷೆ ಕೊಡುವುದನ್ನು ನಿಲ್ಲಿಸಬೇಡ’ ಅಂದ. ಪೂಜೆ ಮಾಡುವವರನ್ನು ಗೇಲಿ ಮಾಡುವ ಮನುಷ್ಯ ಹೀಗೆ ಹೇಳುತ್ತಿರಲಿಲ್ಲ.

ಅತ್ತೆ: ಇದು ದೊಡ್ಡ ಮಾತು.

ದೊಡ್ಡಪ್ಪ: ನೋಡಿದೆಯಾ? ನಾನು ಹೇಳಿದ್ದೂ ಇದೇ. ಎಲ್ಲರೂ ಒಂದೇ.

ಅಕ್ಕ: ಅಯ್ಯೋ ದೊಡ್ಡಪ್ಪ! ಒಂದೇ ಆಗಿದ್ದರೆ ಯೋಚಿಸು ಅಂತ ಯಾಕೆ ಹೇಳಬೇಕಿತ್ತು? ಬೇರೆ ಅಂತ ಗೊತ್ತಿದ್ದೂ ಭಿಕ್ಷೆ ಕೊಡು ಅಂದದ್ದು. ಜಗಳ ನಿಲ್ಲಿಸಲಿಕ್ಕೆ ವ್ಯತ್ಯಾಸ ಅಳಿಸಲೇಬೇಕು ಅಂತಿಲ್ಲ.

ದೊಡ್ಡಪ್ಪ: ನಡತೆಯಲ್ಲಾದರೂ ಒಂದೇ ಅಂತ ಒಪ್ಪುತ್ತೀಯಾ? ಕೊಲ್ಲಬೇಡ, ಕದಿಯಬೇಡ, ಸುಳ್ಳು ಹೇಳಬೇಡ. ಯಾವ ಧರ್ಮದಲ್ಲಿ ಇಲ್ಲ?

ಅಕ್ಕ: ಅಲ್ಲಿ ನಿಮಗೆ ಮುಕ್ಕಾಲು ಪಾಲು ಗೆಲುವು. ಎಲ್ಲರೂ ದಂಡಕ್ಕೆ ನಡುಗುತ್ತಾರೆ, ಎಲ್ಲರೂ ಸಾವಿಗೆ ಹೆದರುತ್ತಾರೆ, ನಿನ್ನಂತೆಯೇ ಅಂತ ತಿಳಿದು ಕೊಲ್ಲಬೇಡ, ಕೊಲ್ಲಿಸಬೇಡ ಅಂತ ಧಮ್ಮಪದ. ಏಸು ಹೇಳಿದ್ದೂ ಇದಕ್ಕೆ ತೀರಾ ಹತ್ತಿರ. ಆದರೆ ಬೌದ್ಧರ ಪಂಚಶೀಲ, ಜೈನರ ಪಂಚವ್ರತ ಪಕ್ಕಪಕ್ಕ ಇಟ್ಟು ನೋಡಿ. ನಾಲ್ಕು ಹೊಂದುತ್ತವೆ. ಐದನೆಯದು ಜೈನರಲ್ಲಿ ಅಪರಿಗ್ರಹ, ಬೌದ್ಧರಲ್ಲಿ ಅಮಲೇರಿಸುವುದನ್ನು ಕುಡಿಯದಿರುವುದು. ಒಬ್ಬರಿಗೆ ಕೂಡಿಡುವ ಭಯ, ಇನ್ನೊಬ್ಬರಿಗೆ ಎಚ್ಚರ ತಪ್ಪುವ ಭಯ.

ಚಿಕ್ಕಪ್ಪ: ನಾನು ಜೈನ ಆಗುತ್ತೇನೆ.

ಅಕ್ಕ: ಚಿಕ್ಕಪ್ಪ, ಅವರೂ ಕುಡಿಯುವುದಿಲ್ಲ.

ಅತ್ತೆ: ನನಗೆ ಒಂದು ಹೇಳಿ. ದೇವರನ್ನು ಬೇಡುವುದಿಲ್ಲ ಅಂದರೆ ಅವರು ಕಣ್ಣು ಮುಚ್ಚಿ ಕೂತಾಗ ಏನು ಮಾಡುತ್ತಾರೆ?

ಅಕ್ಕ: ಎಷ್ಟೋ ದಾರಿ ಇವೆ ಅತ್ತೆ. ಉಸಿರು ಬರುವುದು ಹೋಗುವುದನ್ನು ಗಮನಿಸುವುದು ಒಂದು. ಬುದ್ಧನ ಗುಣಗಳನ್ನು ನೆನೆಯುವುದೂ ಇದೆ, ಅದು ನಿಮ್ಮ ಸ್ಮರಣೆಯ ಹಾಗೇ ಕಾಣುತ್ತದೆ. ಮೈತ್ರಿ ಅಂತ ಇನ್ನೊಂದು. ಮೊದಲು ನಾನು ಸುಖವಾಗಿರಲಿ ಅಂತ, ಆಮೇಲೆ ಬೇಕಾದವರು, ಆಮೇಲೆ ಪರಿಚಯ ಇಲ್ಲದವರು, ಕೊನೆಗೆ ಆಗದವರು.

ಅತ್ತೆ: ಆಗದವರಿಗೂ?

ಅಕ್ಕ: ಅವರಿಗೂ. ಅದೇ ಕಷ್ಟದ್ದು.

ದೊಡ್ಡಪ್ಪ: ಆ ಉಪಾಲಿ ಕಥೆ ಎಲ್ಲಿದೆ ಹೇಳು. ಮೂಲ ಓದದೆ ನಾನು ಒಪ್ಪುವವನಲ್ಲ.

ಅಕ್ಕ: ತ್ರಿಪಿಟಕದ ಮಜ್ಝಿಮ ನಿಕಾಯ ಅನ್ನುವ ಭಾಗ, 56ನೆಯ ಸುತ್ತ. ಓದಿ ದೊಡ್ಡಪ್ಪ, ಜಗಳ ಮುಂದುವರಿಸೋಣ.