ಎಂಟು ವರ್ಷ ಕಡೆಗಣಿಸಿದ ಶುಗರ್: ಮೂರೇ ತಿಂಗಳಲ್ಲಿ 6ಕ್ಕೆ ಇಳಿಸಬಹುದಾ?

ಹೊಸಹೆಜ್ಜೆ:
ಟೈಪ್ 2 ಡಯಾಬಿಟೀಸ್ ಅಂತ ಗೊತ್ತಾಗಿ ಎಂಟು ವರ್ಷ. ಮಾತ್ರೆ ಮೊದಲ ವರ್ಷವೇ ನಿಂತಿದೆ, ಆಮೇಲೆ ಪರೀಕ್ಷೆಯೂ ಇಲ್ಲ. ವಯಸ್ಸು 51, ಗಂಡಸು. ಈಗಿನ ರಿಪೋರ್ಟ್: ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 11.2, ಫಾಸ್ಟಿಂಗ್ 254, ಬಿಪಿ 150/94, ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್ 1.1. ರಾತ್ರಿ ಹೊತ್ತು ಪಾದ ಉರಿ. ಡಾಕ್ಟರ್ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಎರಡೂ ಬರೆದಿದ್ದಾರೆ. ಜೊತೆಗೆ ಕಾರ್ಬೋಹೈಡ್ರೇಟ್ ಪೂರ್ತಿ ಬಿಟ್ಟು, ದಿನಾ ಒಂದು ಗಂಟೆ ಓಡಿ, ಮೂರು ತಿಂಗಳಲ್ಲಿ 6ಕ್ಕೆ ತರಬೇಕು ಅಂತ ಪ್ಲಾನ್. ಇದರಲ್ಲಿ ಎಲ್ಲಿ ಎಡವಬಹುದು? ಯಾವುದು ಮೊದಲು, ಯಾವುದು ಆಮೇಲೆ?

ತಿಳಿನೀರು:
ಉದ್ದೇಶ ಚೆನ್ನಾಗಿದೆ, ವೇಗ ಜಾಸ್ತಿಯಾಯ್ತು. ಓಟಕ್ಕಿಂತ ಮೊದಲು, ಪಥ್ಯಕ್ಕಿಂತಲೂ ಮೊದಲು, ಕಣ್ಣಿನ ಪರೀಕ್ಷೆ ಮಾಡಿಸಿ. ಡ್ರಾಪ್ಸ್ ಹಾಕಿ, ಪಾಪೆ ಅಗಲ ಮಾಡಿ ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ನೋಡುವ ಪರೀಕ್ಷೆ ಅದು. ಕನ್ನಡಕದ ನಂಬರ್ ನೋಡಿ ಕಳಿಸಿದರೆ ಲೆಕ್ಕಕ್ಕಿಲ್ಲ. ನೋಟ ಚುರುಕಾಗಿದ್ದರೂ ಒಳಗೆ ರೆಟಿನೋಪತಿ, ಅಂದರೆ ಶುಗರ್‌ನಿಂದ ರೆಟಿನಾದ ರಕ್ತನಾಳ ಕೆಡುವುದು, ಮುಂದುವರಿದಿರಬಹುದು.

ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. 11.2 ಅಂದರೆ ಕಳೆದ ಎರಡು ಮೂರು ತಿಂಗಳ ಸರಾಸರಿ ಗ್ಲೂಕೋಸ್ 275ರ ಆಸುಪಾಸು. ರೆಟಿನೋಪತಿ ಆಗಲೇ ಇದ್ದು, ಶುಗರ್ ದಿಢೀರನೆ ಕುಸಿದರೆ, ಮೊದಲ ಒಂದು ವರ್ಷದೊಳಗೆ ಕಣ್ಣು ಇನ್ನೂ ಕೆಡುವುದುಂಟು. ಟೈಪ್ 1 ಇರುವವರ ಮೇಲೆ ನಡೆದ ಡಿಸಿಸಿಟಿ ಅಧ್ಯಯನದಲ್ಲಿ ಇದು ಕಂಡುಬಂತು; ಟೈಪ್ 2 ಇರುವವರಿಗೆ ಸೆಮಾಗ್ಲುಟೈಡ್ ಎಂಬ ಶುಗರ್ ಇಳಿಸುವ ಔಷಧ ಕೊಟ್ಟು ನೋಡಿದ ಸಸ್ಟೈನ್-6 ಅಧ್ಯಯನದಲ್ಲೂ ರೆಟಿನಾ ತೊಂದರೆ ಹೆಚ್ಚಾಗಿತ್ತು. ಪರೀಕ್ಷೆಯಲ್ಲಿ ಹೊಸ ರಕ್ತನಾಳಗಳೋ ಮ್ಯಾಕ್ಯುಲಾದಲ್ಲಿ (ರೆಟಿನಾದ ನಡುಭಾಗ) ಊತವೋ ಕಂಡರೆ ಲೇಸರ್ ಅಥವಾ ಇಂಜೆಕ್ಷನ್‌ನಿಂದ ಅದನ್ನು ಹತೋಟಿಗೆ ತರಬಹುದು. ಗೊತ್ತಿಲ್ಲದೆ ಶುಗರ್ ಇಳಿಸುತ್ತಾ ಹೋದರೆ ಆ ಅವಕಾಶ ಕೈತಪ್ಪುತ್ತದೆ.

ನರಗಳ ಕಥೆಯೂ ಹೀಗೇ. ಮೂರು ತಿಂಗಳಲ್ಲಿ ಎಚ್‌ಬಿಎ1ಸಿ 2 ಅಂಶಕ್ಕಿಂತ ಹೆಚ್ಚು ಇಳಿದರೆ ಕೆಲವರಿಗೆ ಪಾದದ ಉರಿ ವಿಪರೀತ ಏರುತ್ತದೆ. ಎದ್ದು ನಿಂತರೆ ತಲೆಸುತ್ತು ಬರುವುದೂ ಇದೆ. ಇಳಿಕೆ ದೊಡ್ಡದಾದಷ್ಟೂ ಈ ಅಪಾಯ ಹೆಚ್ಚು. ನಿಮ್ಮ ಪ್ಲಾನ್‌ನಲ್ಲಿ ಇಳಿಯುವುದು 5 ಅಂಶ! ಮೂರು ತಿಂಗಳಿಗೆ ಸುಮಾರು 2 ಅಂಶದಂತೆ ಇಳಿಸುವ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಿ.

ಇನ್ನೊಂದು, ಶುಗರ್ ಇಳಿಯಲು ಶುರುವಾದ ಮೊದಲ ಕೆಲವು ವಾರ ಕಣ್ಣು ಮಂಜಾಗಬಹುದು. ಕಣ್ಣಿನ ಲೆನ್ಸ್‌ನೊಳಗಿನ ನೀರಿನಂಶ ಏರುಪೇರಾಗುವುದರಿಂದ ಹಾಗಾಗುತ್ತದೆ. ಶುಗರ್ ಒಂದು ಮಟ್ಟಕ್ಕೆ ನಿಂತು ಒಂದೆರಡು ತಿಂಗಳಾಗುವ ತನಕ ಹೊಸ ಕನ್ನಡಕ ಮಾಡಿಸಬೇಡಿ. ಆದರೆ ಒಂದೇ ಕಣ್ಣಲ್ಲಿ ಕಪ್ಪು ಚುಕ್ಕೆಗಳು ತೇಲಿದರೆ, ಪರದೆ ಇಳಿದಂತಾದರೆ ಅವತ್ತೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ.

ನಿಧಾನಿ:
ನನ್ನನ್ನು ಹೆದರಿಸಿದ್ದು ಗ್ಲಿಮೆಪಿರೈಡ್ ಜೊತೆ ಕಾರ್ಬ್ ಪೂರ್ತಿ ಬಿಡುವ ಯೋಚನೆ. ನೀವು ಉಂಡಿದ್ದೀರೋ ಇಲ್ಲವೋ ಆ ಮಾತ್ರೆಗೆ ಗೊತ್ತಾಗುವುದಿಲ್ಲ, ಅದು ಪ್ಯಾಂಕ್ರಿಯಾಸ್‌ನಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಅದರ ಮೇಲೆ ಒಂದು ಗಂಟೆ ಓಟ ಬೇರೆ. ಇದು ಲೋ ಶುಗರ್‌ಗೆ ನೇರ ದಾರಿ. ಊಟ ಬದಲಿಸುವ ಮೊದಲೇ ಡಾಕ್ಟರ್‌ಗೆ ತಿಳಿಸಿ, ಡೋಸ್ ಇಳಿಸುವುದೋ ಬೇರೆ ಮಾತ್ರೆಗೆ ಹೋಗುವುದೋ ಅವರು ಹೇಳುತ್ತಾರೆ. 70ಕ್ಕಿಂತ ಕಡಿಮೆ ಬಂದರೆ 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ ನೀರಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಆಗಲೂ 70 ದಾಟಿರದಿದ್ದರೆ ಇನ್ನೊಮ್ಮೆ ಅಷ್ಟೇ. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದಾಗಿ ಸಕ್ಕರೆ ತಡವಾಗಿ ರಕ್ತಕ್ಕಿಳಿಯುತ್ತದೆ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು ಅಂತ ಮನೆಯವರಿಗೂ ಹೇಳಿಡಿ.

ಮೆಟ್‌ಫಾರ್ಮಿನ್ ಅನ್ನು ಜನ ಬಿಡುವುದು ಹೊಟ್ಟೆಯ ಕಾಟಕ್ಕೆ. ಸಾಮಾನ್ಯವಾಗಿ 500 ಮಿಲಿಗ್ರಾಂ ಒಂದು ಮಾತ್ರೆ ಊಟದ ಜೊತೆ ಶುರುಮಾಡಿ, ವಾರಕ್ಕೊಮ್ಮೆ 500ರಂತೆ ಏರಿಸುತ್ತಾರೆ. ಒಮ್ಮೆಗೇ ಪೂರ್ತಿ ಡೋಸ್ ಕೊಟ್ಟರೆ ಭೇದಿ ಆಗುವ ಸಾಧ್ಯತೆ ಹೆಚ್ಚು. ತಡೆಯಲಾಗದಿದ್ದರೆ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಕೇಳಿ. ಅದನ್ನು ಪುಡಿಮಾಡಬಾರದು, ಅಗಿಯಲೂಬಾರದು. ಮಲದಲ್ಲಿ ಮಾತ್ರೆಯ ಖಾಲಿ ಹೊರಕವಚ ಕಂಡರೆ ಗಾಬರಿ ಬೇಡ, ಔಷಧ ಒಳಗೆ ಸೇರಿರುತ್ತದೆ. ಕ್ರಿಯಾಟಿನಿನ್ 1.1, ವಯಸ್ಸು 51 ಅಂದರೆ ಇಜಿಎಫ್‌ಆರ್ (ಕಿಡ್ನಿ ರಕ್ತವನ್ನು ಎಷ್ಟು ಶೋಧಿಸುತ್ತದೆ ಎಂಬ ಲೆಕ್ಕ) 80ರ ಹತ್ತಿರ ಬರುತ್ತದೆ, ಹಾಗಾಗಿ ಈಗ ಕಿಡ್ನಿ ಕಡೆಯಿಂದ ಅಡ್ಡಿಯಿಲ್ಲ. 45ಕ್ಕಿಂತ ಕೆಳಗಿಳಿದರೆ ಡೋಸ್ ಕಡಿಮೆ ಮಾಡುತ್ತಾರೆ, 30ಕ್ಕಿಂತ ಕೆಳಗೆ ನಿಲ್ಲಿಸಲೇಬೇಕು. ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಕಡಿಮೆಯಾಗಬಹುದು. ಬಿ12 ಕೊರತೆಯಿಂದಲೂ ಪಾದ ಉರಿಯುತ್ತದೆ, ಆದ್ದರಿಂದ ಈಗಲೇ ಒಮ್ಮೆ ನೋಡಿಸಿಟ್ಟುಕೊಳ್ಳಿ.

ಊಟದಲ್ಲಿ ಮೊದಲು ಸಿಹಿ ಪಾನೀಯ ನಿಲ್ಲಲಿ, ಜ್ಯೂಸ್ ಕೂಡ. ಆಮೇಲೆ ತಟ್ಟೆಯ ಅರ್ಧ ಪಿಷ್ಟ ಕಡಿಮೆ ಇರುವ ತರಕಾರಿ, ಕಾಲು ಭಾಗ ಪ್ರೋಟೀನ್, ಉಳಿದ ಕಾಲು ಧಾನ್ಯ. ತರಕಾರಿ, ಪ್ರೋಟೀನ್ ಮೊದಲು ತಿಂದು ಧಾನ್ಯವನ್ನು ಕೊನೆಗಿಟ್ಟರೆ ಊಟದ ನಂತರದ ಏರಿಕೆ ತಗ್ಗುತ್ತದೆ. ಮುಗಿಸಿ 10-15 ನಿಮಿಷ ನಡೆಯಿರಿ.

ಮೀಟರ್‌ನಲ್ಲಿ ಫಾಸ್ಟಿಂಗ್ ಒಂದನ್ನೇ ನೋಡಿದರೆ ಏನೂ ಕಲಿಯಲಾಗುವುದಿಲ್ಲ. ಒಂದು ಊಟ ಆರಿಸಿ. ಉಣ್ಣುವ ಮೊದಲು ಒಂದು ಸಲ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಂದು ಸಲ ನೋಡಿ. ಎರಡರ ನಡುವಿನ ಅಂತರ ಆ ತಟ್ಟೆಯ ಬಗ್ಗೆ ಹೇಳುತ್ತದೆ. ಹಣ್ಣು ಮುಟ್ಟಿದ ಕೈ ತೊಳೆಯದೆ ಚುಚ್ಚಿದರೆ ಸುಳ್ಳು ಏರಿಕೆ ಬರುತ್ತದೆ. ಬೆರಳ ತುದಿಯ ನಡುಮಧ್ಯ ಬೇಡ, ಪಕ್ಕದಲ್ಲಿ ಚುಚ್ಚಿ, ನೋವು ಕಡಿಮೆ.

ಹೊಸಹೆಜ್ಜೆ:
ತುಂಬಾ ಧನ್ಯವಾದ. ಮೀಟರ್‌ನಲ್ಲಿ 118 ಇದ್ದಾಗಲೇ ಕೈ ನಡುಗಿ ಬೆವರು ಬರುತ್ತಿದೆ. ಇದೂ ಲೋ ಶುಗರ್ ಲೆಕ್ಕವಾ?

ನಿಧಾನಿ:
ಅಲ್ಲ. ಬಹಳ ಕಾಲ 250ರ ಮೇಲಿದ್ದ ಮೈಗೆ 118 ಕೂಡ ಕುಸಿತದಂತೆ ಅನ್ನಿಸುತ್ತದೆ. ಆದರೆ ಅಂದಾಜಿನ ಮೇಲೆ ಹೋಗಬೇಡಿ, ಪ್ರತಿ ಸಲ ಚುಚ್ಚಿ ನೋಡಿ. 70ರ ಮೇಲಿದ್ದರೆ ಕೂತು, ಸಣ್ಣದಾಗಿ ಏನಾದರೂ ತಿಂದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ಸಕ್ಕರೆ ಸುರಿದುಕೊಂಡರೆ ಮತ್ತೆ 250ಕ್ಕೆ ಏರಿ, ಮೈ ಹೊಸ ಮಟ್ಟಕ್ಕೆ ಒಗ್ಗುವುದೇ ಇಲ್ಲ. ಒಂದೆರಡು ವಾರದಲ್ಲಿ ತಾನಾಗಿ ತಗ್ಗುವುದೇ ಹೆಚ್ಚು. ಇಳಿಕೆ ತೀರ ವೇಗವಾಗಿದೆ ಎಂಬ ಸೂಚನೆಯೂ ಇರಬಹುದು, ಆ ರೀಡಿಂಗ್‌ಗಳನ್ನು ಡಾಕ್ಟರ್‌ಗೆ ತೋರಿಸಿ.

ಅಂಗಾಲು:
ಓಟದಿಂದ ಪಾದಕ್ಕೆ ಏನಾಗಬಹುದು ಅಂತ ಯಾರೂ ಹೇಳಲಿಲ್ಲ. ಉರಿ ಇರುವ ಪಾದದಲ್ಲಿ ಸ್ಪರ್ಶ ಕಡಿಮೆಯಾಗಿರಬಹುದು, ಎರಡೂ ಒಟ್ಟಿಗೇ ಇರುವುದುಂಟು. 10 ಗ್ರಾಂ ಮೋನೋಫಿಲಮೆಂಟ್ ಎಂಬ ನೈಲಾನ್ ಎಳೆ ಬಾಗುವ ತನಕ ಅಂಗಾಲಿಗೆ ಒತ್ತಿ, ಕಣ್ಣು ಮುಚ್ಚಿದಾಗ ತಿಳಿಯುತ್ತದಾ ಅಂತ ಕೇಳುತ್ತಾರೆ. ಕೆಲವು ಜಾಗದಲ್ಲಿ ತಿಳಿಯದಿದ್ದರೆ ಓಟದ ಬದಲು ಸೈಕಲ್, ಈಜು. ಗುಳ್ಳೆ ಎದ್ದದ್ದು ಗೊತ್ತಾಗದೆ ಅದರ ಮೇಲೇ ಓಡಿ ಹುಣ್ಣು ಮಾಡಿಕೊಳ್ಳುವವರು ಬಹಳ ಜನ. ದಿನಾ ರಾತ್ರಿ ಕನ್ನಡಿ ಇಟ್ಟು ಅಂಗಾಲು ನೋಡಿ, ಬೆರಳ ಸಂದಿಯನ್ನೂ ಬಿಡಬೇಡಿ. ಒಡೆದ ಹಿಮ್ಮಡಿಗೆ ಕ್ರೀಮ್ ಹಚ್ಚಿ, ಆದರೆ ಬೆರಳ ಸಂದಿಗೆ ಬೇಡ, ತೇವ ನಿಂತು ಫಂಗಸ್ ಬರುತ್ತದೆ. ಶೂ ಹಾಕುವ ಮೊದಲು ಒಳಗೆ ಕೈಹಾಕಿ ಕಲ್ಲು, ಮಡಿಕೆ ಇದೆಯಾ ನೋಡಿ. ಬಿಸಿನೀರಿನ ಹದ ಮೊಣಕೈಯಿಂದ ನೋಡಬೇಕು, ಪಾದದಿಂದ ಅಲ್ಲ.

ಕ್ರಿಯಾಟಿನಿನ್ ಸರಿ ಇದೆ ಅಂತ ಕಿಡ್ನಿ ಬಚಾವ್ ಅಂದುಕೊಳ್ಳಬೇಡಿ. ಮೂತ್ರದಲ್ಲಿ ಸೋರುವ ಪ್ರೋಟೀನ್ ಅಳೆಯುವ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಅದಕ್ಕಿಂತ ಮೊದಲೇ ಸುಳಿವು ಕೊಡುತ್ತದೆ. ಗ್ರಾಂಗೆ 30 ಮಿಲಿಗ್ರಾಂ ಒಳಗಿದ್ದರೆ ಸರಿ. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಜೋರು ವ್ಯಾಯಾಮ ಇದ್ದರೆ ಸುಳ್ಳಾಗಿ ಏರುತ್ತದೆ, ಹಾಗಾಗಿ ಮೂರರಲ್ಲಿ ಎರಡು ಸಲ ಹೆಚ್ಚಿದ್ದರೆ ಮಾತ್ರ ನಂಬಿ. 150/94 ಬಿಪಿಯನ್ನು ಶುಗರ್‌ನಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು, ಗುರಿ 130/80ಕ್ಕಿಂತ ಕಡಿಮೆ. ಈ ವಯಸ್ಸಿಗೆ ಡಯಾಬಿಟೀಸ್ ಇದ್ದರೆ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ಸಾಮಾನ್ಯವಾಗಿ ಬೇಕಾಗುತ್ತದೆ. ನರಕ್ಕೆ ಪೆಟ್ಟಾದವರಿಗೆ ಹೃದಯದ ತೊಂದರೆ ಎದೆನೋವಿಲ್ಲದೆಯೂ ಬರಬಹುದು, ಬರೀ ಏದುಸಿರು, ಸುಸ್ತು. ಜೋರು ವ್ಯಾಯಾಮಕ್ಕೆ ಮೊದಲು ಇಸಿಜಿ ಮಾಡಿಸಿ.

ಹೊಂಬೆಳಕು:
ಮೇಲಿನದ್ದು ಓದಿ ಯಾರೂ "ಹಾಗಾದರೆ ಶುಗರ್ ಇಳಿಸುವುದೇ ಅಪಾಯ" ಅಂದುಕೊಳ್ಳಬಾರದು. ಡಿಸಿಸಿಟಿಯಲ್ಲಿ ಶುರುವಿಗೆ ಕಣ್ಣು ಕೆಟ್ಟವರಿಗೂ ವರ್ಷಗಳ ನಂತರ ಬಿಗಿ ನಿಯಂತ್ರಣದಿಂದ ಲಾಭವೇ ಆಯಿತು. ಕಣ್ಣಿನ ಅಪಾಯಿಂಟ್‌ಮೆಂಟ್ ತಡವಾದರೆ ಮಾತ್ರೆಯನ್ನು ಮೂಲೆಗಿಡಬೇಡಿ. ಬಾಯಾರಿಕೆ, ತೂಕ ಇಳಿಕೆ, 300ರ ಮೇಲಿನ ರೀಡಿಂಗ್ ಇದ್ದರೆ ಇನ್ಸುಲಿನ್ ಬೇಕಾಗಬಹುದು. ಶುಗರ್ ಇಳಿದು ಪ್ಯಾಂಕ್ರಿಯಾಸ್ ಚೇತರಿಸಿದ ಮೇಲೆ ಎಷ್ಟೋ ಜನರಿಗೆ ಅದನ್ನು ಬಿಡಿಸುತ್ತಾರೆ. ವಾಂತಿ, ಜೋರು ಉಸಿರಾಟ, ಮಂಪರು ಸೇರಿದರೆ ನೇರ ಎಮರ್ಜೆನ್ಸಿಗೆ.

ಔಷಧವಿಲ್ಲದೆ 6.5ಕ್ಕಿಂತ ಕೆಳಗೆ ಕನಿಷ್ಠ ಮೂರು ತಿಂಗಳು ನಿಂತರೆ ಅದನ್ನು ರಿಮಿಷನ್ ಅನ್ನುತ್ತಾರೆ. 2017ರಲ್ಲಿ ಪ್ರಕಟವಾದ ಡೈರೆಕ್ಟ್ ಅಧ್ಯಯನದಲ್ಲಿ, ಕಡಿಮೆ ಕ್ಯಾಲೊರಿ ಪಥ್ಯ ಪಾಲಿಸಿದ ಗುಂಪಿನ 46% ಜನರಿಗೆ ಒಂದು ವರ್ಷದ ಹೊತ್ತಿಗೆ ಔಷಧವಿಲ್ಲದೆ 6.5ಕ್ಕಿಂತ ಕೆಳಗಿರುವುದು ಸಾಧ್ಯವಾಯಿತು. 15 ಕೆಜಿ ಅಥವಾ ಹೆಚ್ಚು ಇಳಿಸಿದವರಲ್ಲಿ 86%. ಆದರೆ ಅವರೆಲ್ಲ ರೋಗ ಗೊತ್ತಾಗಿ ಆರು ವರ್ಷದೊಳಗಿನವರು, ಇನ್ಸುಲಿನ್ ಇಲ್ಲದವರು. ಎಂಟು ವರ್ಷದ ನಂತರ ಅವಕಾಶ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ.

ಮುಂದೆ ಡಾಕ್ಟರ್ ಎಂಪಾಗ್ಲಿಫ್ಲೋಜಿನ್ ಅಥವಾ ಡಪಾಗ್ಲಿಫ್ಲೋಜಿನ್ (ಮೂತ್ರದ ಮೂಲಕ ಸಕ್ಕರೆ ಹೊರಹಾಕುವ ಮಾತ್ರೆ) ಬರೆದರೆ ಕಿಡ್ನಿಗೆ, ಹೃದಯಕ್ಕೆ ಒಳ್ಳೆಯದು. ಆದರೆ ಅದರ ಜೊತೆ ತೀರಾ ಕಡಿಮೆ ಕಾರ್ಬ್ ಊಟವನ್ನೋ ಉಪವಾಸವನ್ನೋ ಸೇರಿಸಬೇಡಿ. ಮೀಟರ್‌ನಲ್ಲಿ 180 ಇದ್ದರೂ ಒಳಗೆ ಕೀಟೋಆಸಿಡೋಸಿಸ್ (ರಕ್ತ ಆಮ್ಲೀಯವಾಗುವ ಅಪಾಯದ ಸ್ಥಿತಿ) ಆಗಬಹುದು. ವಾಂತಿ-ಭೇದಿ ಆಗಿ ಊಟ ಸೇರದ ದಿನ ಆ ಮಾತ್ರೆ ನಿಲ್ಲಿಸಿ ಡಾಕ್ಟರ್‌ಗೆ ಫೋನ್ ಮಾಡಿ. ಆಪರೇಷನ್ ಇದ್ದರೆ ಕನಿಷ್ಠ ಮೂರು ದಿನ ಮೊದಲೇ ನಿಲ್ಲಿಸಬೇಕು.