ಮೊಲೆ ಗಂಟಲ್ಲಿ ಮೂಳೆ ಕ್ಯಾನ್ಸರ್ ಅಂತೆ, ಹೇಗೆ ಸಾಧ್ಯ?

ಕೆಂಚಿಯ ಅಮ್ಮ:
ನಮ್ಮ ಕೆಂಚಿಗೆ 11 ವರ್ಷ, ನಾಟಿ ನಾಯಿ. ಹಿಂದಿನ ಮೊಲೆ ಹತ್ತಿರ ನಿಂಬೆಹಣ್ಣಿನಷ್ಟು ಗಂಟು ಇತ್ತು, ಒತ್ತಿದರೆ ಕಲ್ಲು. ಹೋದ ವಾರ ತೆಗೆಸಿದೆವು, ಕೊಯ್ಯುವಾಗ ಬ್ಲೇಡು ಕರಕರ ಅಂತು ಅಂತ ಡಾಕ್ಟ್ರು ಹೇಳಿದರು. ಈಗ ಬಯಾಪ್ಸಿ ರಿಪೋರ್ಟಲ್ಲಿ ಎಕ್ಸ್‌ಟ್ರಾಸ್ಕೆಲೆಟಲ್ ಆಸ್ಟಿಯೋಸಾರ್ಕೋಮಾ ಅಂತ ಬಂದಿದೆ. ಮೂಳೆಯೇ ಇಲ್ಲದ ಕಡೆ ಮೂಳೆ ಕ್ಯಾನ್ಸರಾ? ಕಾಲಿಂದ ಹರಡಿದ್ದಾ? ಅವಳು ಕುಂಟುತ್ತಿಲ್ಲ, ಊಟಕ್ಕೂ ಏನೂ ಕಮ್ಮಿ ಇಲ್ಲ.

ದನದ ಡಾಕ್ಟ್ರು:
ಹರಡಿದ್ದೇ ಆಗಬೇಕಿಲ್ಲ ಮೇಡಂ. ಮೆತ್ತನೆ ಜಾಗದ ಕ್ಯಾನ್ಸರ್ ಕಣಗಳೇ ಆಸ್ಟಿಯಾಯ್ಡ್ ಅನ್ನೋದನ್ನ ತಯಾರು ಮಾಡುತ್ತವೆ, ಅಂದರೆ ಇನ್ನೂ ಸುಣ್ಣ ಕಟ್ಟದ ಹಸಿ ಮೂಳೆ. ಅಪರೂಪ ಇದು, ನಾಯಿಗಳ ಆಸ್ಟಿಯೋಸಾರ್ಕೋಮಾದಲ್ಲಿ 100ಕ್ಕೆ 1ರಷ್ಟು. ಮೊಲೆ, ಗುಲ್ಮ, ಕರುಳು, ಚರ್ಮದಡಿ ಹೀಗೆ ಎಲ್ಲಿ ಬೇಕಾದರೂ ಬರುತ್ತದೆ. ಕಾಲಿನ ಮೂಳೆಗೆ ಬರೋದು ಹೆಚ್ಚಾಗಿ ದೊಡ್ಡ ತಳಿಗಳಿಗೆ, ಇದಕ್ಕೆ ಆ ಲೆಕ್ಕ ಇಲ್ಲ.

ಆದರೆ ಮೊಲೆ ಗಂಟಲ್ಲಿ ಮೂಳೆ ಸಿಕ್ಕ ಮಾತ್ರಕ್ಕೆ ಕೆಟ್ಟದ್ದು ಅಂತ ಅಲ್ಲ. ಮಿಕ್ಸೆಡ್ ಟ್ಯೂಮರ್ ಅಂತ ಹಾನಿ ಮಾಡದ ಗಂಟು ನಾಯಿಗಳಲ್ಲಿ ಜಾಸ್ತಿ, ಅದರೊಳಗೂ ಮೂಳೆ ಇರುತ್ತದೆ. ಹಾಗಾಗಿ ಪೆಥಾಲಜಿಯವರಿಗೆ ಒಂದು ಫೋನ್ ಮಾಡಿಸಿ, ಮೂಳೆ ಮಾಡುತ್ತಿರುವ ಕಣಗಳೇ ಕ್ಯಾನ್ಸರ್ ಕಣಗಳಾ, ಗಂಟಿನ ಅಂಚು ಕ್ಲೀನ್ ಇದೆಯಾ, ಅಂದರೆ ಕೊಯ್ದ ಅಂಚಲ್ಲಿ ಕ್ಯಾನ್ಸರ್ ಕಣ ಉಳಿದಿಲ್ಲವಾ ಕೇಳಿ. ಆಮೇಲೆ ಎದೆಯ ಎಕ್ಸ್‌ರೇ, ಎರಡೂ ಮಗ್ಗುಲಿಂದ ಮತ್ತೆ ನೇರವಾಗಿ, ಮೂರೂ ಬೇಕು. ಶ್ವಾಸಕೋಶಕ್ಕೆ ಬೇಗ ಹೋಗೋ ಕಾಯಿಲೆ. ಕಾರ್ಬೋಪ್ಲಾಟಿನ್ ಅನ್ನೋ ಕೀಮೋ ಇಂಜೆಕ್ಷನ್ ಬೇಕಾ ಅನ್ನೋ ಮಾತು ಆಮೇಲಿಂದು.

ತೋಟದಮನೆ:
ನಮ್ಮ ನಾಯಿಗೆ ಇದು ಅನ್ನನಾಳದಲ್ಲಿ ಆಗಿತ್ತು. ತಿಂದಿದ್ದೆಲ್ಲ ಹಾಗೇ ವಾಪಸ್ ಹಾಕೋದು, ನಾವು ಸುಮ್ನೆ ಹೊಟ್ಟೆ ಕೆಟ್ಟಿದೆ ಅಂದುಕೊಂಡು ಗಂಜಿ ಕುಡಿಸಿದೆವು. ಕಾರಣ ಸ್ಪೈರೋಸರ್ಕಾ ಅನ್ನೋ ಹುಳ. ಸಗಣಿ ಹುಳ ತಿಂದ ನಾಯಿಗೆ ಬರೋದು, ಅದನ್ನ ತಿಂದ ಓತಿಕ್ಯಾತನಿಂದಲೂ ಬರುತ್ತಂತೆ. ಹುಳ ಗಂಟು ಕಟ್ಟುತ್ತೆ, ಆ ಗಂಟೇ ಕೆಲವು ಸಲ ಕ್ಯಾನ್ಸರ್ ಆಗುತ್ತೆ. ಕೊಟ್ಟಿಗೆ ಇರೋ ಮನೆಯವರು ನೋಡ್ಕೊಳ್ಳಿ.

ಕೆಂಚಿಯ ಅಮ್ಮ:
ಡಾಕ್ಟ್ರೇ ಥ್ಯಾಂಕ್ಸ್. ಅಂಚಿನ ಬಗ್ಗೆ ರಿಪೋರ್ಟಲ್ಲಿ ಒಂದು ಸಾಲೂ ಇಲ್ಲ, ಕೇಳಿಸ್ತೀನಿ. ಹೊಲಿಗೆ ಹತ್ತಿರ ಮುಟ್ಟಿದರೆ ಕುಯ್ ಅಂತಾಳೆ, ಮನೇಲಿರೋ ಬ್ರೂಫೆನ್ ಅರ್ಧ ಕೊಡಬಹುದಾ?

ದನದ ಡಾಕ್ಟ್ರು:
ಬೇಡವೇ ಬೇಡ! ನಾಯಿಗೆ ಅದು ವಿಷ, ಹೊಟ್ಟೆಯಲ್ಲಿ ಹುಣ್ಣಾಗುತ್ತೆ, ಕಿಡ್ನಿಗೂ ಹೊಡೆತ. ಆಪರೇಷನ್ ಮಾಡಿದವರನ್ನೇ ಕೇಳಿ, ನಾಯಿಗೆ ಕೊಡೋ ನೋವಿನ ಔಷಧಿ ಮೆಲಾಕ್ಸಿಕಾಮ್ ತೂಕ ನೋಡಿ ಬರೆದುಕೊಡ್ತಾರೆ.