ಸಹಾಯ ಬೇಕು: ಓದಿನ ಸವಾಲು ಅಳೆಯುವ ಪ್ರಶ್ನಾವಳಿಯಲ್ಲಿ ತಿರುವು ಹೇಳಿಕೆಗಳ ತೊಡಕು

ನಮಸ್ಕಾರ. ಕೋರ್ಸು ಎಷ್ಟು ಸವಾಲಿನದ್ದು ಎಂದು ಪದವಿ ವಿದ್ಯಾರ್ಥಿಗಳಿಗೆ ಅನ್ನಿಸುತ್ತದೆ ಎಂಬುದನ್ನು ಅಳೆಯಲು ಕನ್ನಡದಲ್ಲಿ 12 ಹೇಳಿಕೆಗಳ ಪ್ರಶ್ನಾವಳಿ ಸಿದ್ಧಪಡಿಸುತ್ತಿದ್ದೇವೆ. ಅಂಕ ಕೊಡುವ ಕ್ರಮ, ಕಾಲೇಜು ವಿದ್ಯಾರ್ಥಿಗಳು ಕಲಿಕೆಯಲ್ಲಿ ಎಷ್ಟು ತೊಡಗುತ್ತಾರೆ ಎಂದು ಅಳೆಯುವ ಅಮೆರಿಕದ ಎನ್‌ಎಸ್‌ಎಸ್‌ಇ ಸಮೀಕ್ಷೆಯದು: ‘ಎಂದೂ ಇಲ್ಲ’ಕ್ಕೆ 0, ‘ಕೆಲವೊಮ್ಮೆ’ಗೆ 20, ‘ಅನೇಕ ಸಲ’ಕ್ಕೆ 40, ‘ತುಂಬಾ ಸಲ’ಕ್ಕೆ 60; ಆಮೇಲೆ ಸರಾಸರಿ. ಹೇಳಿಕೆಗಳು ಮಾತ್ರ ನಮ್ಮವೇ.

ತೊಡಕಿರುವುದು ಮೂರು ತಿರುವು ಹೇಳಿಕೆಗಳಲ್ಲಿ, ಅಂದರೆ ‘ತುಂಬಾ ಸಲ’ ಎಂದರೆ ಸವಾಲು ಕಡಿಮೆ ಎಂದಾಗುವ ಹೇಳಿಕೆಗಳಲ್ಲಿ. ಉದಾಹರಣೆಗೆ, ‘ಗೈಡ್ ಬಾಯಿಪಾಠ ಮಾಡಿದ್ದೇ ಪರೀಕ್ಷೆಗೆ ಸಾಕಾಯಿತು.’ 60ರಿಂದ ಕಳೆದು ಅಂಕ ತಿರುಗಿಸಿದ್ದೇವೆ, ಕೋಡಿಂಗ್ ಸರಿಯಾಗಿದೆ. ಆದರೂ ಈ ಮೂರೂ ಬೇರೆಯೇ ಗುಂಪಾಗಿ ನಿಲ್ಲುತ್ತವೆ, ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ತೋರಿಸುವ ಕ್ರಾನ್‌ಬ್ಯಾಕ್ ಆಲ್ಫಾ 0.7ಕ್ಕಿಂತ ಕೆಳಗಿಳಿಯುತ್ತದೆ. ತೆಗೆದರೆ ಆಲ್ಫಾ ಏರುತ್ತದೆ ನಿಜ, ಆದರೆ ಓದದೆ ಒಂದೇ ಸಾಲಿಗೆ ಟಿಕ್ ಹಾಕುವವರನ್ನು ಹಿಡಿಯುವ ದಾರಿ ತಪ್ಪುತ್ತದೆ. ನಮಗೆ ಅದು ಒಪ್ಪಿಗೆಯಿಲ್ಲ.

ರಾತ್ರಿಯೆಲ್ಲ ರೆಕಾರ್ಡ್ ಪುಸ್ತಕ ನಕಲು ಮಾಡುವುದು ಹೊರೆ, ಸವಾಲಲ್ಲ. ಹಾಗಾಗಿ ಓದಿನ ಗಂಟೆಗಳನ್ನು ಬೇರೆಯಾಗಿಯೇ ಕೇಳುತ್ತೇವೆ. ಪಾಠ ಮಾಡುವವರೇ ಹಾಳೆ ಹಂಚಿದರೆ ಉತ್ತರ ವಾಲುತ್ತದೆ. ಪರೀಕ್ಷೆಯ ಹಿಂದಿನ ವಾರ ಕೇಳಿದರೆ ಆತಂಕವೇ ಅಳತೆಗೆ ಸಿಗುತ್ತದೆ. ಅದಕ್ಕೇ ಸೆಮಿಸ್ಟರ್ ನಡುವೆ ನಡೆಸುತ್ತಿದ್ದೇವೆ.

ಕನ್ನಡದಲ್ಲಿ ಇಂಥ ಮಾಪನ ಮಾಡಿದವರು ದಯವಿಟ್ಟು ತಿಳಿಸಿ: ತಿರುವು ಹೇಳಿಕೆಗಳನ್ನು ಉಳಿಸಿಕೊಂಡಿರಾ? ಹೇಗೆ ಬರೆದಿರಿ? ಹೇಳಿಕೆಗಳನ್ನು ಜೋರಾಗಿ ಓದಿ, ತಮಗೆ ಅರ್ಥವಾದದ್ದನ್ನು ಹೇಳಬಲ್ಲ ಎಂಟು–ಹತ್ತು ಬಿ.ಎ., ಬಿ.ಕಾಂ. ವಿದ್ಯಾರ್ಥಿಗಳೂ ಬೇಕು.